ಮನೆಗೇ ಬಂದು ರಕ್ತ ತೆಗೆದುಕೊಂಡು ಹೋದರು, ಟಿಎಸ್‌ಎಚ್ 6.2 ಬಂದಿದೆ. ಮದ್ದು ಶುರು ಮಾಡಬೇಕೇ?

ಬ್ರಹ್ಮಾವರದವಳು:
ನನಗೆ 38 ವರ್ಷ, ಇಬ್ಬರು ಮಕ್ಕಳು. ಐದಾರು ತಿಂಗಳಿಂದ ಕೂದಲು ಬಾಚಿದರೆ ಹಿಡಿಗಟ್ಟಲೆ ಬರುತ್ತಿದೆ. ಮಧ್ಯಾಹ್ನ ಊಟವಾದ ಮೇಲೆ ಕಣ್ಣು ಬಿಡಲಾಗದಷ್ಟು ಸುಸ್ತು. ಕಳೆದ ವಾರ ನಮ್ಮವರು ಮೊಬೈಲಿನಲ್ಲಿ ಮಹಿಳೆಯರ ಹಾರ್ಮೋನ್ ಪ್ಯಾಕೇಜಿಗೆ ಅರ್ಧ ಬೆಲೆ ಎಂದು ಕಂಡದ್ದೇ ತಡ, ಬುಕ್ ಮಾಡಿಬಿಟ್ಟರು. ಬೈಕಿನಲ್ಲಿ ಬಂದ ಹುಡುಗ ಜಗಲಿಯಲ್ಲೇ ಕೂರಿಸಿ ರಕ್ತ ತೆಗೆದುಕೊಂಡು ಹೋದ. ರಾತ್ರಿ ಹನ್ನೊಂದು ಪುಟದ ರಿಪೋರ್ಟ್ ಮೊಬೈಲಿಗೆ ಬಂತು.

ಟಿಎಸ್‌ಎಚ್ 6.2. ಇದು ಥೈರಾಯ್ಡ್ ಗ್ರಂಥಿಯನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನಂತೆ, ಅವರ ಪಟ್ಟಿಯ ಪ್ರಕಾರ 0.4ರಿಂದ 4.2ರ ಒಳಗಿರಬೇಕು. ಆ ಗ್ರಂಥಿಯೇ ಸುರಿಸುವ ಹಾರ್ಮೋನ್ ಫ್ರೀ ಟಿ4 1.1, ಅದು ಸರಿಯಿದೆಯಂತೆ. ಎದೆಹಾಲಿನ ಹಾರ್ಮೋನ್ ಪ್ರೊಲ್ಯಾಕ್ಟಿನ್ 31, ಮಿತಿ 25. ಎರಡು ಕಡೆ ಕೆಂಪು ಅಕ್ಷರ. ಭಾವ ನೋಡಿದವರೇ, "ಇದು ಥೈರಾಯ್ಡ್, ನಾಳೆಯಿಂದಲೇ 25ರ ಮಾತ್ರೆ ಶುರು ಮಾಡು, ನನ್ನ ಬಾಟಲಿಯಲ್ಲೇ ಉಂಟು" ಎಂದರು. ಪ್ರೊಲ್ಯಾಕ್ಟಿನ್ ಎಂದು ಹುಡುಕಿದರೆ ಮಿದುಳಿನ ಗಡ್ಡೆ ಎಂದು ಬರುತ್ತದೆ. ಎರಡು ರಾತ್ರಿಯಿಂದ ನಿದ್ದೆ ಇಲ್ಲ. ಮನೆಯಲ್ಲಿ ತೆಗೆದ ರಕ್ತದ ಫಲಿತಾಂಶವನ್ನು ನಂಬಬಹುದೇ?

ಮಲ್ಪೆಗಾಳಿ:
ಭಾವನ ಮಾತ್ರೆಯನ್ನು ಭಾವನೇ ನುಂಗಲಿ. ಮೊದಲು ಆ ಬಾಟಲಿ ಅಡಗಿಸಿಡಿ.

ಕಾರ್ಕಳದ ಕಲ್ಲು:
ಇದೆಲ್ಲ ವ್ಯಾಪಾರ. ಅರ್ಧ ಬೆಲೆಗೆ ರಕ್ತ ತೆಗೆಯುತ್ತಾರೆ, ಎರಡು ಕೆಂಪು ಅಕ್ಷರ ಹಾಕುತ್ತಾರೆ, ಮರುದಿನ ಫೋನ್ ಮಾಡಿ ಮುಂದಿನ ಪ್ಯಾಕೇಜ್ ಮಾರುತ್ತಾರೆ. ನನ್ನ ಪ್ರಕಾರ ಆ ರಿಪೋರ್ಟ್ ಹರಿದು ಹಾಕಿ.

ಟ್ಯೂಬುಸೂಜಿ:
ಹರಿಯಬೇಡಿ. ನಾನು ಮಂಗಳೂರಿನಲ್ಲಿ ಹದಿನಾಲ್ಕು ವರ್ಷದಿಂದ ಲ್ಯಾಬ್ ಟೆಕ್ನಿಷಿಯನ್. ಮನೆಯಲ್ಲಿ ತೆಗೆದ ಮಾತ್ರಕ್ಕೆ ರಕ್ತ ಕೆಡುವುದಿಲ್ಲ. ತೆಗೆದದ್ದು ತೋಳಿನ ರಕ್ತನಾಳದಿಂದಲೋ ಬೆರಳಿನಿಂದಲೋ, ಯಾವ ಟ್ಯೂಬಿಗೆ ಹೋಯಿತು, ಎಷ್ಟು ಹೊತ್ತಿನಲ್ಲಿ ಯಂತ್ರ ಮುಟ್ಟಿತು ಎನ್ನುವುದು ಮುಖ್ಯ.

ಹಾರ್ಮೋನಿಗೆ ಸಾಮಾನ್ಯವಾಗಿ ಹಳದಿ ಮುಚ್ಚಳದ ಟ್ಯೂಬ್. ಅದರ ತಳದಲ್ಲಿ ಒಂದು ಬಿಳಿ ಜೆಲ್ ಇರುತ್ತದೆ. ರಕ್ತ ತೆಗೆದು ಅರ್ಧ ಗಂಟೆ ನಿಲ್ಲಿಸಿಟ್ಟರೆ ಹೆಪ್ಪುಗಟ್ಟುತ್ತದೆ. ಆಮೇಲೆ ತಿರುಗುಯಂತ್ರಕ್ಕೆ ಹಾಕಿದರೆ ಹೆಪ್ಪು ಕೆಳಗೆ, ಜೆಲ್ ನಡುವೆ, ಮೇಲೆ ತಿಳಿ ಹಳದಿಯ ಸೀರಮ್. ಎರಡು ಗಂಟೆಯ ಒಳಗೆ ಇಷ್ಟು ಆಗಬೇಕು. ಏಪ್ರಿಲ್ ತಿಂಗಳ ಸೆಖೆಯಲ್ಲಿ ಬೈಕಿನ ಚೀಲದೊಳಗೆ ಐಸ್ ಪ್ಯಾಕ್ ಇಲ್ಲದೆ ನಾಲ್ಕು ಮನೆ ಸುತ್ತಿ ಬಂದ ಟ್ಯೂಬುಗಳನ್ನು ನಾನು ನೋಡಿದ್ದೇನೆ. ರಕ್ತಕಣ ಒಡೆದು ಸೀರಮ್ ಕೋಕಂ ಶರಬತ್ತಿನ ಬಣ್ಣಕ್ಕೆ ತಿರುಗಿರುತ್ತದೆ. ಅದರಲ್ಲಿ ಪೊಟ್ಯಾಸಿಯಂ ನೋಡಿದರೆ ಸುಳ್ಳೇ ಏರಿರುತ್ತದೆ. ಆದರೆ ಟಿಎಸ್‌ಎಚ್ ಗಟ್ಟಿ ಜೀವ, ಅಷ್ಟು ಸುಲಭಕ್ಕೆ ಕೆಡುವುದಿಲ್ಲ. ಹಾಗಾಗಿ 6.2 ಬಂದದ್ದಕ್ಕೆ ಬೈಕಿನ ಹುಡುಗನನ್ನು ದೂರಬೇಡಿ.

ಅಕ್ಕ, ರಕ್ತ ಕೊಟ್ಟದ್ದು ಎಷ್ಟು ಗಂಟೆಗೆ? ಹಿಂದಿನ ರಾತ್ರಿ ನಿದ್ದೆ ಸರಿ ಆಗಿತ್ತೇ? ಬೇರೆ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ?

ಕದ್ರಿಯ ಅತ್ತೆ:
ಮುಟ್ಟಿನ ಸಮಯದಲ್ಲಿ ರಕ್ತ ಜಾಸ್ತಿ ಹೋಗುತ್ತದೆಯೇ? ಹಿಮೋಗ್ಲೋಬಿನ್ ಎಷ್ಟಿದೆ?

ನಿವೃತ್ತ ಗಣಿತ:
ಕೆಂಪು ಅಕ್ಷರದ ಬಗ್ಗೆ ಒಂದು ಮಾತು. ಈ "ಮಿತಿ" ಎನ್ನುವುದನ್ನು ಹೇಗೆ ಗುರುತಿಸುತ್ತಾರೆ ಗೊತ್ತೇ? ಆರೋಗ್ಯವಾಗಿರುವ ಬಹಳ ಜನರ ರಕ್ತ ನೋಡಿ, ನಡುವಿನ ಶೇಕಡಾ 95 ಮಂದಿಯ ಅಂಕಿಗಳನ್ನು ಇಟ್ಟುಕೊಂಡು ಎರಡೂ ತುದಿ ಕತ್ತರಿಸುತ್ತಾರೆ. ಅಂದರೆ ಏನೂ ಕಾಯಿಲೆ ಇಲ್ಲದ ಇಪ್ಪತ್ತು ಜನರಲ್ಲಿ ಒಬ್ಬರಿಗೆ ಕೆಂಪು ಅಕ್ಷರ ಬಂದೇ ಬರುತ್ತದೆ. ಈಗ ಒಬ್ಬರಿಗೇ ಇಪ್ಪತ್ತು ಪರೀಕ್ಷೆ ಮಾಡಿಸಿ. ಒಂದಾದರೂ ಕೆಂಪಾಗುವ ಸಾಧ್ಯತೆ ಶೇಕಡಾ 64. ಹನ್ನೊಂದು ಪುಟ ಮಾಡಿಸಿದವರಿಗೆ ಎಲ್ಲವೂ ಕಪ್ಪಕ್ಷರದಲ್ಲಿ ಬಂದರೆ ಅದೇ ಆಶ್ಚರ್ಯ.

ಮಣಿಪಾಲದ ಪಿಜಿ:
ಮೇಷ್ಟ್ರೇ, ಪರೀಕ್ಷೆಗಳು ಒಂದಕ್ಕೊಂದು ಸಂಬಂಧವಿಲ್ಲದವು ಎಂದು ಇಟ್ಟುಕೊಂಡರೆ ಮಾತ್ರ ನಿಮ್ಮ 64 ಸರಿ. ಟಿಎಸ್‌ಎಚ್ ಏರಿದರೆ ಟಿ4 ಇಳಿಯುವ ಹಾದಿಯಲ್ಲಿರುತ್ತದೆ, ಎರಡೂ ಒಂದೇ ಹಗ್ಗದ ಎರಡು ತುದಿ.

ನಿವೃತ್ತ ಗಣಿತ:
ಒಪ್ಪಿದೆ. ಪರೀಕ್ಷೆಯಲ್ಲಿ ಆ ಉತ್ತರಕ್ಕೆ ಅರ್ಧ ಅಂಕ ಕಳೆಯುತ್ತಿದ್ದೆ.

ಬ್ರಹ್ಮಾವರದವಳು:
ಟ್ಯೂಬುಸೂಜಿಯವರೇ, ಹುಡುಗ ಬಂದದ್ದು ಹನ್ನೊಂದೂವರೆಗೆ. ಹಿಂದಿನ ರಾತ್ರಿ ನಾದಿನಿಯ ಮನೆಯ ಗದ್ದೆಯಲ್ಲಿ ಹರಕೆಯ ಯಕ್ಷಗಾನ ಆಟ ಇತ್ತು. ಬೆಳಗ್ಗೆ ಆರಕ್ಕೆ ಮನೆಗೆ ಬಂದು, ಮಕ್ಕಳಿಗೆ ಗಂಜಿ ಬೇಯಿಸಿ ಕುಳಿತಿದ್ದೆ, ಮಲಗಲಿಲ್ಲ. ಮಾತ್ರೆ ಎಂದರೆ ಕೂದಲಿಗೆ ಒಂದು ಬಯೋಟಿನ್ ಮಾತ್ರೆ, ಎರಡು ತಿಂಗಳಿಂದ. ಅದು ಮದ್ದಲ್ಲವಲ್ಲ, ವಿಟಮಿನ್.

ಆಟದ ಹುಚ್ಚ:
ಈಗ ಎಲ್ಲ ಕಡೆ ಕಾಲಮಿತಿ ಆಟ, ಬೆಳಗಿನವರೆಗೆ ಎಲ್ಲಿ ಆಯಿತು? ಮಹಿಷಾಸುರ ಯಾರದ್ದು?

ಟ್ಯೂಬುಸೂಜಿ:
ಆಟದ ಹುಚ್ಚರೇ, ಸ್ವಲ್ಪ ತಾಳಿ. ಅಕ್ಕ ಈಗ ಹೇಳಿದ್ದು ರಿಪೋರ್ಟಿಗಿಂತ ಮುಖ್ಯವಾದ ವಿಷಯ. ಪ್ರೊಲ್ಯಾಕ್ಟಿನ್ ನಿದ್ದೆಯೊಂದಿಗೆ ಏರಿಳಿಯುವ ಹಾರ್ಮೋನ್. ಒತ್ತಡಕ್ಕೆ, ಸೂಜಿಯ ಹೆದರಿಕೆಗೆ ಸಹ ಏರುತ್ತದೆ. ಟಿಎಸ್‌ಎಚ್ ರಾತ್ರಿ ಏರಿ ಹಗಲು ಇಳಿಯುತ್ತದೆ, ನಿದ್ದೆ ಅದನ್ನು ಅದುಮಿ ಹಿಡಿಯುತ್ತದೆ. ಇಡೀ ರಾತ್ರಿ ಎದ್ದಿದ್ದರೆ ಆ ಹಿಡಿತ ತಪ್ಪುತ್ತದೆ. ನಮ್ಮ ಕೌಂಟರಿನಲ್ಲಿ "ಉಪವಾಸವೇ?" ಎಂದು ಕೇಳುತ್ತಾರೆ, "ಮಲಗಿದ್ದೀರಾ?" ಎಂದು ಯಾರೂ ಕೇಳುವುದಿಲ್ಲ.

ಮಲ್ಪೆಗಾಳಿ:
ಹಾಗಾದರೆ ವಿಷಯ ಮುಗಿಯಿತು. ನಿದ್ದೆಗೆಟ್ಟದ್ದು ಒಂದು ಕಡೆ, ಬಯೋಟಿನ್ ಇನ್ನೊಂದು ಕಡೆ. ಬಯೋಟಿನ್ ತಿಂದರೆ ಥೈರಾಯ್ಡ್ ರಿಪೋರ್ಟ್ ತಪ್ಪು ಬರುತ್ತದೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಎಚ್ಚರಿಸಿದೆ. ಅಕ್ಕನಿಗೆ ಏನೂ ಇಲ್ಲ. ಸಮುದ್ರದ ಮೀನು ತಿನ್ನುವ ನಮಗೆ ಥೈರಾಯ್ಡ್ ಎಲ್ಲಿಂದ ಬರಬೇಕು?

ಮಣಿಪಾಲದ ಪಿಜಿ:
ಮಲ್ಪೆಯವರೇ, ಎಚ್ಚರಿಕೆ ಕೊಟ್ಟದ್ದು ನಿಜ, ಆದರೆ ನೀವು ಅದನ್ನು ತಲೆಕೆಳಗು ಮಾಡಿದ್ದೀರಿ. ಎಷ್ಟೋ ಯಂತ್ರಗಳ ಪರೀಕ್ಷಾ ದ್ರಾವಣದಲ್ಲಿ ಬಯೋಟಿನ್ನೇ ಕೊಂಡಿ. ಸ್ಟ್ರೆಪ್ಟಾವಿಡಿನ್ ಎಂಬ ಪ್ರೋಟೀನ್ ಅದನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ರಕ್ತದಲ್ಲೇ ಬಯೋಟಿನ್ ತುಂಬಿ ತುಳುಕುತ್ತಿದ್ದರೆ, ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದಂತೆ ಆ ಜಾಗವನ್ನೆಲ್ಲ ಅದೇ ಹಿಡಿದುಬಿಡುತ್ತದೆ. ಆಗ ಟಿಎಸ್‌ಎಚ್ ಇದ್ದದ್ದಕ್ಕಿಂತ ಕಡಿಮೆ ಕಾಣುತ್ತದೆ, ಫ್ರೀ ಟಿ4 ಹೆಚ್ಚು ಕಾಣುತ್ತದೆ. ಅಂದರೆ ಥೈರಾಯ್ಡ್ ವಿಪರೀತ ಕೆಲಸ ಮಾಡುತ್ತಿರುವಂತೆ ಭ್ರಮೆ. ಇವರಿಗೆ ಬಂದದ್ದು ಅದಕ್ಕೆ ವಿರುದ್ಧ. ಬಯೋಟಿನ್ ಏನಾದರೂ ಆಟ ಆಡಿದ್ದರೆ, ನಿಜವಾದ ಟಿಎಸ್‌ಎಚ್ 6.2ಕ್ಕಿಂತ ಮೇಲೆಯೇ ಇರಬಹುದು. ಎಲ್ಲ ಕಂಪನಿಯ ಯಂತ್ರದಲ್ಲೂ ಈ ತೊಂದರೆ ಇಲ್ಲ, ಅದು ಬೇರೆ ಮಾತು.

ದಿನಕ್ಕೆ ಮೈಗೆ ಬೇಕಾದ ಬಯೋಟಿನ್ 30 ಮೈಕ್ರೋಗ್ರಾಂ. ಅಕ್ಕ, ನಿಮ್ಮ ಡಬ್ಬಿಯ ಹಿಂದೆ ಎಷ್ಟು ಎಂದಿದೆ ನೋಡಿ ಹೇಳಿ.

ಬ್ರಹ್ಮಾವರದವಳು:
10 ಮಿಲಿಗ್ರಾಂ.

ನಿವೃತ್ತ ಗಣಿತ:
ಮುನ್ನೂರ ಮೂವತ್ತಮೂರು ಪಟ್ಟು.

ಮಲ್ಪೆಗಾಳಿ:
ಸರಿ, ದಿಕ್ಕು ತಪ್ಪಿತು. ಮೀನಿನ ವಿಷಯಕ್ಕೆ ಉತ್ತರ ಕೊಡಲಿಲ್ಲ ನೀವು.

ಮಣಿಪಾಲದ ಪಿಜಿ:
ಮೀನು ಕೊಡುವುದು ಅಯೋಡಿನ್. ಅಯೋಡಿನ್ ಕೊರತೆಯ ಗಳಗಂಡ ಉಪ್ಪಿಗೆ ಅಯೋಡಿನ್ ಸೇರಿಸಿದ ಮೇಲೆ ಬಹಳ ಇಳಿಯಿತು. ಈಗ ನಾವು ಹೆಚ್ಚು ನೋಡುವುದು ಹಾಶಿಮೋಟೊ. ಜಪಾನಿನ ಹಕಾರು ಹಾಶಿಮೋಟೊ ಎಂಬ ವೈದ್ಯರು 1912ರಲ್ಲಿ ವಿವರಿಸಿದ ಕಾಯಿಲೆ. ಮೈಯ ರಕ್ಷಣಾ ವ್ಯವಸ್ಥೆಯೇ ಥೈರಾಯ್ಡ್ ಗ್ರಂಥಿಯ ಮೇಲೆ ತಿರುಗಿ ಬೀಳುವುದು ಅದರ ಲಕ್ಷಣ. ಜಪಾನಿನವರು ಮೀನು ತಿನ್ನುವುದಿಲ್ಲವೇ?

ಮಲ್ಪೆಗಾಳಿ:
ಅವರು ಹಸಿಯಾಗಿ ತಿನ್ನುತ್ತಾರೆ, ನಾವು ಪುಳಿಮುಂಚಿ ಮಾಡುತ್ತೇವೆ. ವ್ಯತ್ಯಾಸ ಉಂಟು.

ಕದ್ರಿಯ ಅತ್ತೆ:
ಜೂನ್ ಒಂದರಿಂದ ಜುಲೈ ಮೂವತ್ತೊಂದರ ವರೆಗೆ ಯಾಂತ್ರಿಕ ದೋಣಿಗೆ ರಜೆ. ಆ ಎರಡು ತಿಂಗಳು ಎಲ್ಲರಿಗೂ ಥೈರಾಯ್ಡ್ ಬರುತ್ತದೆಯೋ ಹಾಗಾದರೆ?

ಸುರತ್ಕಲ್ 29:
ಗಂಡಸರ ಕಥೆಯೂ ಒಂದಿರಲಿ. ನಾನು ರಾತ್ರಿ ಪಾಳಿಯ ಕೆಲಸಗಾರ, ಸಂಜೆ ಜಿಮ್. ಮೈ ಬರುತ್ತಿಲ್ಲ ಎಂದು ಟೆಸ್ಟೋಸ್ಟೆರಾನ್ ಮಾಡಿಸಿದೆ. ಮನೆಗೆ ಬಂದು ತೆಗೆದುಕೊಂಡು ಹೋದದ್ದು ಸಂಜೆ ಆರೂವರೆಗೆ, ನಾನು ಆಗಷ್ಟೇ ಎದ್ದು ಎರಡು ಬನ್ಸ್ ಮತ್ತು ಚಹಾ ಮುಗಿಸಿದ್ದೆ. ಬಂದದ್ದು 262. ಜಿಮ್ಮಿನ ತರಬೇತುದಾರ ಆಗಲೇ ಇಂಜೆಕ್ಷನ್ನಿನ ದರ ಹೇಳತೊಡಗಿದ. ನನ್ನ ಅದೃಷ್ಟಕ್ಕೆ ಅಮ್ಮ ವೈದ್ಯರ ಹತ್ತಿರ ಎಳೆದುಕೊಂಡು ಹೋದರು. ಅವರು ಹೇಳಿದ್ದು ಇಷ್ಟು: ಟೆಸ್ಟೋಸ್ಟೆರಾನ್ ನೋಡುವುದು ಬೆಳಗ್ಗೆ ಹತ್ತರ ಒಳಗೆ, ಖಾಲಿ ಹೊಟ್ಟೆಯಲ್ಲಿ, ಚೆನ್ನಾಗಿ ಮಲಗಿ ಎದ್ದ ಮೇಲೆ, ಅದೂ ಬೇರೆ ಬೇರೆ ದಿನ ಎರಡು ಸಲ. ಒಂದು ವಾರ ರಜೆ ಹಾಕಿ ಮನುಷ್ಯರಂತೆ ರಾತ್ರಿ ಮಲಗಿದೆ. 431, ಆಮೇಲೆ 458.

ಕಾರ್ಕಳದ ಕಲ್ಲು:
ನೋಡಿ! ನಾನು ಹೇಳಿದ್ದು ಇದನ್ನೇ. 262 ಸುಳ್ಳು, 458 ನಿಜ. ಲ್ಯಾಬ್ ಮೋಸ.

ಟ್ಯೂಬುಸೂಜಿ:
ಮಾರಾಯರೇ, 262 ಕೂಡ ನಿಜವೇ. ಆ ಸಂಜೆ ಆರೂವರೆಗೆ, ಬನ್ಸ್ ತಿಂದ, ನಿದ್ದೆಗೆಟ್ಟ ಆ ಹುಡುಗನ ರಕ್ತದಲ್ಲಿ ಅಷ್ಟೇ ಇತ್ತು. ಉಬ್ಬರದ ಹೊತ್ತಿನಲ್ಲಿ ಹಾಕಿದ ಗುರುತನ್ನು ಇಳಿತದ ಹೊತ್ತಿನಲ್ಲಿ ಹೋಗಿ ನೋಡಿ ಸಮುದ್ರ ಬತ್ತಿತು ಎಂದರೆ ಹೇಗೆ?

ದುಬೈ ವಾಪಸಿ:
ಇದಕ್ಕಿಂತ ತಮಾಷೆ ನನ್ನದು. ದುಬೈಯಲ್ಲಿ ಮಾಡಿಸಿದಾಗ ಟೆಸ್ಟೋಸ್ಟೆರಾನ್ 14.2 ಇತ್ತು. ಊರಿಗೆ ಬಂದು ಮಾಡಿಸಿದರೆ 410. ಊರಿನ ನೀರು, ಊರಿನ ಕುಚ್ಚಲಕ್ಕಿ ಗಂಜಿಯ ಮಹಿಮೆ ಎಂದು ಹೆಂಡತಿಗೆ ಕೊಚ್ಚಿಕೊಂಡೆ. ಮಗಳು ಎರಡೂ ಕಾಗದ ಪಕ್ಕಪಕ್ಕ ಇಟ್ಟು ತೋರಿಸಿದಳು. ಅಲ್ಲಿ ಲೀಟರಿಗೆ ನ್ಯಾನೋಮೋಲ್, ಇಲ್ಲಿ ಡೆಸಿಲೀಟರಿಗೆ ನ್ಯಾನೋಗ್ರಾಂ. 14.2ನ್ನು 28.8ರಿಂದ ಗುಣಿಸಿದರೆ 409. ಒಂದು ಅಂಕೆಯ ಮಹಿಮೆ ಮಾತ್ರ ಉಳಿಯಿತು.

ಕದ್ರಿಯ ಅತ್ತೆ:
ನಾನು 47ರಲ್ಲಿದ್ದಾಗ ಮುಟ್ಟು ಮೂರು ತಿಂಗಳು ತಪ್ಪಿತು, ರಾತ್ರಿ ಬೆವರಿ ಸೆರಗು ಒದ್ದೆ. ಸೊಸೆ ಮದ್ದಿನ ಅಂಗಡಿಯಿಂದ ಮೂತ್ರದ ಪಟ್ಟಿ ತಂದಳು. ಅಂಡಾಶಯವನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನ್ ಎಫ್‌ಎಸ್‌ಎಚ್ 25 ದಾಟಿದರೆ ಗೆರೆ ದಟ್ಟವಾಗುತ್ತದೆ. ಆಯಿತು. ರಕ್ತದಲ್ಲೂ 38 ಬಂತು. ಮುಟ್ಟು ನಿಂತಿತು ಎಂದು ಬಟ್ಟೆಬರೆಯೆಲ್ಲ ಹಂಚಿ ಕುಳಿತೆ. ಎರಡು ತಿಂಗಳ ನಂತರ ಎಫ್‌ಎಸ್‌ಎಚ್ 9, ಮುಟ್ಟೂ ಬಂತು! ನಮ್ಮ ಡಾಕ್ಟರಮ್ಮ ನಕ್ಕು, "45 ದಾಟಿದವರಿಗೆ ಈ ರಕ್ತ ಪರೀಕ್ಷೆ ಬೇಕಾಗಿಲ್ಲ, ನಿಮ್ಮ ಬೆವರೇ ಹೇಳುತ್ತದೆ. ಆ ವಯಸ್ಸಿನಲ್ಲಿ ಎಫ್‌ಎಸ್‌ಎಚ್ ದಿನಕ್ಕೊಂದು ಆಟ ಆಡುತ್ತದೆ" ಎಂದರು. ಪೂರ್ತಿ ನಿಂತದ್ದು 51ಕ್ಕೆ.

ಬ್ರಹ್ಮಾವರದಕ್ಕ ನನ್ನ ಪ್ರಶ್ನೆಗೆ ಉತ್ತರ ಕೊಡಲಿಲ್ಲ.

ಪಡುಬಿದ್ರೆಯವಳು:
ನಮ್ಮ ಸಂಬಂಧಿಕರ ಮನೆಯಲ್ಲಿ ಹುಡುಗಿಯ ಜಾತಕದ ಜೊತೆಗೆ ಎಎಂಎಚ್ ರಿಪೋರ್ಟ್ ಕೇಳಿದರು. ಇಂತಹವರಿಗೆ ಏನು ಹೇಳುವುದು?

ಮಣಿಪಾಲದ ಪಿಜಿ:
ಬೇರೆ ಗಂಡು ನೋಡಲು ಹೇಳಿ. ಎಎಂಎಚ್ ಅಂಡಾಶಯದಲ್ಲಿ ಇನ್ನೆಷ್ಟು ಮೊಟ್ಟೆ ಉಳಿದಿರಬಹುದು ಎಂಬುದರ ಅಂದಾಜು. ಐವಿಎಫ್ ಮಾಡಿಸುವವರಿಗೆ ಮದ್ದಿನ ಪ್ರಮಾಣ ಗೊತ್ತು ಮಾಡಲು ಉಪಯೋಗ. ಸಹಜವಾಗಿ ಮಗು ಆಗುತ್ತದೋ ಇಲ್ಲವೋ ಎಂದು ಅದರಿಂದ ಹೇಳಲು ಬರುವುದಿಲ್ಲ.

ಪಡುಬಿದ್ರೆಯವಳು:
ಗಂಡಿನ ಕಡೆಯವರ ರಿಪೋರ್ಟ್ ನಾವೂ ಕೇಳಿದೆವು. ಆಮೇಲೆ ಅವರು ಫೋನ್ ಎತ್ತಲಿಲ್ಲ.

ಹಂಪನಕಟ್ಟೆ ಕಾಫಿ:
ಭಾವನ ಬಾಟಲಿಯ ಬಗ್ಗೆ ನಾನು ಹೇಳಲೇಬೇಕು. ಏಳು ವರ್ಷದಿಂದ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಮೊದಲ ಒಂದೂವರೆ ವರ್ಷ ಟಿಎಸ್‌ಎಚ್ ಇಳಿಯಲೇ ಇಲ್ಲ, 50ರಿಂದ 75, 75ರಿಂದ 100ಕ್ಕೆ ಏರಿಸಿದರು. ಕೊನೆಗೆ ಒಬ್ಬ ನರ್ಸ್ ಕೇಳಿದರು, ಮಾತ್ರೆ ಯಾವುದರಲ್ಲಿ ನುಂಗುತ್ತೀರಿ ಎಂದು. ಫಿಲ್ಟರ್ ಕಾಫಿಯಲ್ಲಿ ಎಂದೆ. ಅದರ ಹಿಂದೆಯೇ ಮೂಳೆಗೆಂದು ಕ್ಯಾಲ್ಸಿಯಂ ಮಾತ್ರೆ. ಈಗ ಎದ್ದ ಕೂಡಲೇ ಬರೀ ನೀರಿನಲ್ಲಿ ನುಂಗಿ, ಮುಕ್ಕಾಲು ಗಂಟೆ ಕಾಫಿಯ ಲೋಟವನ್ನು ನೋಡುತ್ತಾ ಕೂರುತ್ತೇನೆ. ಕ್ಯಾಲ್ಸಿಯಂ ರಾತ್ರಿ ಊಟಕ್ಕೆ. ಡೋಸ್ ಮತ್ತೆ 50ಕ್ಕೆ ಇಳಿಯಿತು.

ಇನ್ನೊಂದು: ಮಾತ್ರೆ ಬದಲಿಸಿದ ಎರಡನೇ ವಾರಕ್ಕೇ ಮನೆಗೆ ಕರೆಸಿ ರಕ್ತ ಕೊಡುವವರಿದ್ದಾರೆ. ಆ ಮದ್ದಿನ ಅರ್ಧಾಯುಷ್ಯ, ಅಂದರೆ ಮೈಯಲ್ಲಿ ಅರ್ಧಕ್ಕೆ ಇಳಿಯಲು ಬೇಕಾದ ಕಾಲ, ಸುಮಾರು ಏಳು ದಿನ, ಆರರಿಂದ ಎಂಟು ವಾರ ಕಾಯದೆ ನೋಡಿದರೆ ಏನೂ ತಿಳಿಯುವುದಿಲ್ಲ. ರಕ್ತ ಕೊಡುವ ಬೆಳಗ್ಗೆ ಮಾತ್ರೆಯನ್ನು ರಕ್ತ ಕೊಟ್ಟ ನಂತರವೇ ನುಂಗಬೇಕು.

ಕಾರ್ಕಳದ ಕಲ್ಲು:
ಇಷ್ಟೆಲ್ಲ ನಿಯಮ ಇದ್ದರೆ ಹಿಂದಿನ ಕಾಲದವರು ಹೇಗೆ ಬದುಕಿದರು? ನಮ್ಮ ಅಜ್ಜಿಗೆ ಹಾರ್ಮೋನ್ ಎಂಬ ಶಬ್ದವೇ ಗೊತ್ತಿರಲಿಲ್ಲ.

ನಿವೃತ್ತ ಗಣಿತ:
ನಿಮ್ಮ ಅಜ್ಜಿಗಿರಲಿ, ಆಗಿನ ಡಾಕ್ಟರರಿಗೂ ಅಳೆಯಲು ಆಗುತ್ತಿರಲಿಲ್ಲ. ರಕ್ತದಲ್ಲಿ ಇಷ್ಟು ಸಣ್ಣ ಪ್ರಮಾಣದ ಹಾರ್ಮೋನನ್ನು ಅಳೆಯುವ ದಾರಿ ತೋರಿಸಿದವರು ಅಮೆರಿಕದ ರೊಸಾಲಿನ್ ಯಾಲೋ ಮತ್ತು ಸೋಲೊಮನ್ ಬರ್ಸನ್, 1950ರ ದಶಕದಲ್ಲಿ. ಯಾಲೋ ವೈದ್ಯೆಯಲ್ಲ, ಭೌತವಿಜ್ಞಾನಿ. 1977ರಲ್ಲಿ ಅವರಿಗೆ ನೊಬೆಲ್ ಬಂತು. ಬರ್ಸನ್ ಅಷ್ಟರಲ್ಲಿ ತೀರಿಕೊಂಡಿದ್ದರು. ಕುತ್ತಿಗೆ ಊದಿಕೊಂಡು ಸತ್ತ ಅಜ್ಜಿಯರ ಲೆಕ್ಕ ಯಾರೂ ಇಟ್ಟಿಲ್ಲ, ಅದಕ್ಕೇ ಎಲ್ಲರೂ ಚೆನ್ನಾಗಿದ್ದರು ಎಂದು ನಮಗೆ ಕಾಣುವುದು.

ಕೋಟದ ಹುಡುಗ:
ಬೆರಳಿಗೆ ಚುಚ್ಚಿ ನಾವೇ ನೋಡುವ ಕಿಟ್ ಬಂದಿದೆಯಲ್ಲ, ಅದು ಹೇಗೆ?

ಟ್ಯೂಬುಸೂಜಿ:
ಬೆರಳಿನ ಟಿಎಸ್‌ಎಚ್ ಪಟ್ಟಿಗಳು ಹೆಚ್ಚಿನವು 5ರ ಮೇಲೋ ಕೆಳಗೋ ಎಂದಷ್ಟೇ ಹೇಳುತ್ತವೆ, ಅಂಕಿ ಕೊಡುವುದಿಲ್ಲ. 5.1 ಇದ್ದರೂ ಗೆರೆ, 80 ಇದ್ದರೂ ಗೆರೆ. ಥೈರಾಯ್ಡ್ ಅತಿಯಾಗಿ ಕೆಲಸ ಮಾಡುವವರಿಗೆ ಗೆರೆಯೇ ಬರುವುದಿಲ್ಲ, ಅವರು ಸರಿಯಿದ್ದೇನೆ ಎಂದುಕೊಳ್ಳುತ್ತಾರೆ. ರಕ್ತ ಬರಲಿಲ್ಲ ಎಂದು ಬೆರಳನ್ನು ಹಿಂಡುವುದು ಇನ್ನೊಂದು ತಪ್ಪು. ಹಿಂಡಿದರೆ ಮಾಂಸದ ನೀರು ಸೇರಿ ರಕ್ತ ತೆಳ್ಳಗಾಗುತ್ತದೆ, ಕಣ ಒಡೆಯುತ್ತದೆ. ಬಿಸಿ ನೀರಿನಲ್ಲಿ ಕೈ ತೊಳೆದು, ಒರೆಸಿ, ಕೈ ಕೆಳಗೆ ಬಿಟ್ಟು ನಿಂತು, ಬೆರಳಿನ ಪಕ್ಕಕ್ಕೆ ಚುಚ್ಚಬೇಕು. ಟೆಸ್ಟೋಸ್ಟೆರಾನ್ ಜೆಲ್ ಹಚ್ಚಿಕೊಳ್ಳುವವರು ಬೆರಳಿನಿಂದ ಕೊಟ್ಟರಂತೂ ಮುಗಿಯಿತು, ಬೆರಳಿಗೆ ಮೆತ್ತಿದ ಜೆಲ್ಲನ್ನೇ ಅಳೆದಂತೆ.

ಲ್ಯಾಬುಗಳ ಗುಣಮಟ್ಟ ಪರಿಶೀಲಿಸುವ ರಾಷ್ಟ್ರೀಯ ಮಂಡಳಿ ಎನ್‌ಎಬಿಎಲ್‌ನ ಮಾನ್ಯತೆ ನಿಮ್ಮ ಲ್ಯಾಬಿಗೆ ಇದೆಯೇ ಎಂದು ನೋಡಿ. ಮಾನ್ಯತೆ ಪರೀಕ್ಷೆ ಪರೀಕ್ಷೆಗೂ ಬೇರೆ, ಬಾಗಿಲಿನ ಮೇಲೆ ಬೋರ್ಡ್ ಇದ್ದ ಮಾತ್ರಕ್ಕೆ ಎಲ್ಲದಕ್ಕೂ ಇದೆ ಎಂದಲ್ಲ.

ಮಣಿಪಾಲದ ಪಿಜಿ:
ಅಕ್ಕ, ಇಲ್ಲಿ ಕುಳಿತು ನಾನು ಕಾಯಿಲೆ ಹೆಸರಿಸುವುದಿಲ್ಲ. ಬಯೋಟಿನ್ ನಿಲ್ಲಿಸಿ ಕನಿಷ್ಠ ಎರಡು ದಿನ, ನಿಮ್ಮ ಡೋಸಿಗೆ ಇನ್ನೂ ಹೆಚ್ಚು ದಿನ ಬಿಡುವುದು ಒಳ್ಳೆಯದು. ಎರಡು ಮೂರು ರಾತ್ರಿ ಸರಿಯಾಗಿ ಮಲಗಿ, ಬೆಳಗ್ಗೆ ಕೊಡಿ, ಅದಕ್ಕೆ ಮೊದಲು ಕಾಲು ಗಂಟೆ ಸುಮ್ಮನೆ ಕುಳಿತಿರಿ. ರಿಪೋರ್ಟನ್ನು ಒಬ್ಬ ವೈದ್ಯರ ಎದುರು ಇಟ್ಟು ಕುತ್ತಿಗೆ ಮುಟ್ಟಿ ನೋಡಲಿ. ಹಾಶಿಮೋಟೊದಲ್ಲಿ ಮೈಯೇ ಥೈರಾಯ್ಡ್ ವಿರುದ್ಧ ತಯಾರಿಸುವ ಟಿಪಿಒ ಪ್ರತಿಕಾಯದ ಪರೀಕ್ಷೆ ಬೇಕೇ ಎಂದು ಅವರೇ ಹೇಳುತ್ತಾರೆ. ಮತ್ತೆ ಗರ್ಭ ಧರಿಸುವ ಯೋಚನೆ ಇದ್ದರೆ ಮೊದಲೇ ಹೇಳಿ, ಆಗ ಲೆಕ್ಕವೇ ಬೇರೆ.

ಬ್ರಹ್ಮಾವರದವಳು:
ಮೂರನೆಯದು? ಬೇಡವೇ ಬೇಡ. ಸರಿ, ಹಾಗೇ ಮಾಡುತ್ತೇನೆ. ಕದ್ರಿಯ ಅತ್ತೆ, ಹೌದು, ಎರಡನೇ ಹೆರಿಗೆಯಾದ ಮೇಲೆ ಮುಟ್ಟಿನ ಮೊದಲ ಮೂರು ದಿನ ಹೊರಗೆ ಹೋಗುವ ಹಾಗಿಲ್ಲ. ಹಿಮೋಗ್ಲೋಬಿನ್ ಹನ್ನೊಂದು ಪುಟದಲ್ಲಿ ಎಲ್ಲೂ ಇಲ್ಲ.

*(ಮೂರು ವಾರಗಳ ನಂತರ)*

ಬ್ರಹ್ಮಾವರದವಳು:
ಹೇಳಿದಂತೆಯೇ ಮಾಡಿದೆ. ಬೆಳಗ್ಗೆ ಏಳೂವರೆಗೆ ಉಡುಪಿಯಲ್ಲಿ ಕೊಟ್ಟೆ. ಪ್ರೊಲ್ಯಾಕ್ಟಿನ್ 14. ಮಿದುಳಿನ ಗಡ್ಡೆ ಹಾರಿ ಹೋಯಿತು. ಟಿಎಸ್‌ಎಚ್ 7.1, ಇಳಿಯುವ ಬದಲು ಏರಿದೆ. ಫ್ರೀ ಟಿ4 0.9, ಮಿತಿಯೊಳಗೇ ಇದೆ. ಟಿಪಿಒ ಪ್ರತಿಕಾಯ ಪಾಸಿಟಿವ್.

ಡಾಕ್ಟರರು ರಿಪೋರ್ಟ್ ನೋಡುವ ಮೊದಲು ನನ್ನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು, ಉಗುರು ನೋಡಿದರು. ಆಮೇಲೆ ಅದೇ ಟ್ಯೂಬಿನ ಸೀರಮ್ಮಿನಲ್ಲಿ ಮೈಯಲ್ಲಿ ಕೂಡಿಟ್ಟ ಕಬ್ಬಿಣಾಂಶ ತೋರಿಸುವ ಫೆರಿಟಿನ್ ಸಹ ಮಾಡಿಸಿದರು. 7 ಬಂತು. ಹಿಮೋಗ್ಲೋಬಿನ್ 9.4. ಕೂದಲು ಉದುರುವುದಕ್ಕೂ ಸುಸ್ತಿಗೂ ಇಷ್ಟೇ ಸಾಕು, ಮೊದಲು ಕಬ್ಬಿಣಾಂಶ ತುಂಬಿಸೋಣ, ಥೈರಾಯ್ಡನ್ನು ಮೂರು ತಿಂಗಳು ಬಿಟ್ಟು ಮತ್ತೆ ನೋಡೋಣ, ಟಿಎಸ್‌ಎಚ್ 10 ದಾಟಿದರೆ ಮಾತ್ರೆ ಎಂದಿದ್ದಾರೆ. ರಕ್ತ ಅಷ್ಟು ಯಾಕೆ ಹೋಗುತ್ತದೆ ಎಂದು ನೋಡಲು ಸ್ತ್ರೀರೋಗ ತಜ್ಞರ ಹತ್ತಿರವೂ ಕಳುಹಿಸಿದ್ದಾರೆ.

ಕದ್ರಿಯ ಅತ್ತೆ:
ಶುರುವಿನಲ್ಲೇ ಕೇಳಿದ್ದೆ.

ಮಲ್ಪೆಗಾಳಿ:
ಅತ್ತೆಗೆ ನಮಸ್ಕಾರ. ಅಂದರೆ ಮೊದಲ ರಿಪೋರ್ಟ್ ಸರಿಯೋ ತಪ್ಪೋ?

ಟ್ಯೂಬುಸೂಜಿ:
ಟಿಎಸ್‌ಎಚ್ ಹೆಚ್ಚು ಕಡಿಮೆ ಸರಿ, ಪ್ರೊಲ್ಯಾಕ್ಟಿನ್ ಆಟಕ್ಕೆ ಹೋಗಿ ಬಂದದ್ದು. 6.2ಕ್ಕೂ 7.1ಕ್ಕೂ ನಡುವಿನ ವ್ಯತ್ಯಾಸದಲ್ಲಿ ಬಯೋಟಿನ್ನಿನ ಪಾಲೆಷ್ಟು, ಹೊತ್ತಿನ ಪಾಲೆಷ್ಟು ಎಂದು ಬಿಡಿಸಲು ಆಗುವುದಿಲ್ಲ. ಅಷ್ಟು ಏರಿಳಿತ ಒಬ್ಬರಲ್ಲೇ ಇರುತ್ತದೆ. ಕಬ್ಬಿಣದ ಮಾತ್ರೆಯನ್ನು ಚಹಾದ ಜೊತೆ ನುಂಗಬೇಡಿ ಅಕ್ಕ. ಮುಂದೆ ಥೈರಾಯ್ಡ್ ಮಾತ್ರೆ ಶುರುವಾದರೆ ಎರಡರ ನಡುವೆ ನಾಲ್ಕು ಗಂಟೆ ಇರಲಿ.

ಕಾರ್ಕಳದ ಕಲ್ಲು:
ಹನ್ನೊಂದು ಪುಟದಲ್ಲಿ ಹಿಮೋಗ್ಲೋಬಿನ್ ಇರಲಿಲ್ಲ. ವ್ಯಾಪಾರ ಎಂದು ನಾನು ಹೇಳಿದ್ದರಲ್ಲಿ ತಪ್ಪೇನಿತ್ತು?

ಮಣಿಪಾಲದ ಪಿಜಿ:
ಈ ಒಂದು ಮಾತಿಗೆ ನನ್ನ ವಿರೋಧ ಇಲ್ಲ.

ಬ್ರಹ್ಮಾವರದವಳು:
ನಮ್ಮವರು ಈಗ ನಮ್ಮ ಮನೆಯ ಅತ್ತೆಗೆ ಹಿರಿಯ ನಾಗರಿಕರ ಪ್ಯಾಕೇಜ್ ನೋಡುತ್ತಿದ್ದಾರೆ. ಮೊಬೈಲ್ ಕಿತ್ತಿಟ್ಟಿದ್ದೇನೆ.

ಆಟದ ಹುಚ್ಚ:
ಎಲ್ಲ ಸರಿ ಅಕ್ಕ, ಮಹಿಷಾಸುರ ಯಾರದ್ದು ಎಂದು ಇನ್ನೂ ಹೇಳಲಿಲ್ಲ ನೀವು.